ಕಮರಕ್ಕೆ ಬೆಣೆ, ಜಾಲಿಗೆ ಕೊಡಲಿ

‘ಉಜ್ಜಿನಿ ಒಳಗೆ ನೋಡು, ಹಂಪಿ ಹೊರಗೆ ನೋಡು’ ಎಂಬುದು ಕೂಡ್ಲಿಗಿ, ಕೊಟ್ಟೂರು ಸೀಮೆಯ ಮಾತು. ಉಜ್ಜಿನಿಯ ಮರುಳಸಿದ್ಧೇಶ್ವರ ಗುಡಿಯ ಒಳಗಿನ ಕಲ್ಕೆತ್ತನೆಗೆ ಸಂದ ಹೊಗಳಿಕೆ ಅದು. ಕಲ್ಲು ಸೀಳಿದವರ ಗುರುತು ಈ ಸೀಮೆಯಲ್ಲಿ ಬೇಕಾದಷ್ಟಿದೆ. ಹಂಪಿಯ ಬಂಡೆಗಳ ಮೇಲೆ ಸಾಲಾಗಿ ಕೊರೆದ ಬೆಣೆಗುಳಿಗಳು ಇವತ್ತಿಗೂ ಎದ್ದು ಕಾಣುತ್ತವೆ. ಅದೇ ಬೆಣೆ, ಅದೇ ಸಮ್ಮಟಿಗೆ ಹಿಡಿದು ಕಟ್ಟಿಗೆ ಸೀಳಿದವರ ಕೆಲಸ ಮಾತ್ರ ಒಲೆಯಲ್ಲಿ ಬೂದಿಯಾಯಿತು.

ಒಂದು ಹೆಸರು ಉಳಿದಿದೆ. 12ನೇ ಶತಮಾನದ ಶರಣ ಮೋಳಿಗೆ ಮಾರಯ್ಯ. ಕಾಶ್ಮೀರದ ಅರಸೊತ್ತಿಗೆ ಬಿಟ್ಟು, ಹೆಂಡತಿ ಮಹಾದೇವಿಯೊಡನೆ ಕಲ್ಯಾಣಕ್ಕೆ ಬಂದು, ಕಾಡಿನಿಂದ ಕಟ್ಟಿಗೆ ಹೊತ್ತು ತಂದು ಮಾರಿ ಬದುಕಿದ ಎನ್ನುತ್ತದೆ ಐತಿಹ್ಯ. ಅರಸನೋ ಅಲ್ಲವೋ ಎಂಬುದನ್ನು ವಿದ್ವಾಂಸರು ವಾದಿಸಿಕೊಳ್ಳಲಿ. ಮೋಳಿಗೆ ಎಂದರೆ ಕಟ್ಟಿಗೆಯ ಹೊರೆ; ಹೊರೆ ಹೊತ್ತವನ ಕಾಯಕ ಅವನ ಹೆಸರಿಗೇ ಅಂಟಿಕೊಂಡು ಎಂಟು ಶತಮಾನ ಬಾಳಿತಲ್ಲ, ದೊಡ್ಡದು ಅದು.

ಬಯಲುಸೀಮೆಯ ಕಟ್ಟಿಗೆಯವನಿಗೆ ಎದುರಾಗುತ್ತಿದ್ದ ಮರ ಸಾಮಾನ್ಯದ್ದಲ್ಲ. ಕಮರ ಭಾರತದ ಅತಿ ಭಾರದ ಮರಗಳಲ್ಲೊಂದು. ನೀರಿಗೆ ಹಾಕಿದರೆ ಮುಳುಗುತ್ತದೆ. ಸೊಪ್ಪು ದನಕ್ಕೆ, ತೊಗಟೆಯ ನಾರು ಹಗ್ಗಕ್ಕೆ, ತಿರುಳು ಮನೆಯ ಕಂಬಕ್ಕೆ. ಕೊನೆಗೆ ಉಳಿದ ಬೊಡ್ಡೆ, ಕವಲು, ಗಂಟು ಒಲೆಗೆ. ಅಂದರೆ ಸೀಳುವವನ ಪಾಲಿಗೆ ಬರುತ್ತಿದ್ದದ್ದು ಮರದ ಅತ್ಯಂತ ಮೊಂಡು ಭಾಗ. ಹುಣಸೆ ಇನ್ನೊಂದು ಬಗೆಯ ಹಟಮಾರಿ. ಅದರ ಎಳೆಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಕೊಡಲಿ ಇಳಿಯುತ್ತದೆ, ದಿಮ್ಮಿ ಬಾಯಿ ಬಿಡುವುದಿಲ್ಲ.

ಇಂಥ ಕಡೆ ತೋಳಿನ ಬಲಕ್ಕಿಂತ ಕಣ್ಣೇ ಮುಖ್ಯ. ಹಸಿ ಇರುವಾಗಲೇ ಸೀಳುವುದು ಲೇಸು; ಒಣಗಿದ ಕಮರದ ಮೇಲೆ ಕೊಡಲಿ ಪುಟಿಯುತ್ತದೆ. ಕೊಯ್ದ ತಲೆಯಲ್ಲಿ ತಾನಾಗಿ ಬಿಟ್ಟ ಬಿರುಕು ಹುಡುಕಿ ಅಲ್ಲಿ ಬೆಣೆ ಕೂರಿಸಬೇಕು. ಬಿರುಕು ಇಲ್ಲದಿದ್ದರೆ ನಡುವಿಗೆ ಕೈ ಹಾಕದೆ ಅಂಚಿನಿಂದ ಚಕ್ಕೆ ಚಕ್ಕೆಯಾಗಿ ಬಿಡಿಸಿಕೊಂಡು ಬರಬೇಕು. ಬೆಣೆ ಕಚ್ಚಿಕೊಂಡರೆ ಅದನ್ನು ಬಿಡಿಸಲು ಮುಂದೆ ಇನ್ನೊಂದು ಬೆಣೆ. ಗಂಟಿನ ತಂಟೆಗೆ ಹೋಗುವುದು ಕಟ್ಟಕಡೆಗೆ.

ಆಮೇಲೆ ಕಾಡೇ ಬದಲಾಯಿತು. 1953ರವರೆಗೆ ಕೂಡ್ಲಿಗಿ ಮದ್ರಾಸಿನ ಆಡಳಿತದಲ್ಲಿತ್ತು. ಆ ಪ್ರಾಂತದ ರೈಲು ಎಂಜಿನ್ನುಗಳು ಮೊದಮೊದಲು ಓಡಿದ್ದು ಹೆಚ್ಚಾಗಿ ಕಟ್ಟಿಗೆಯಿಂದ. 1856ರಲ್ಲಿ ಮದ್ರಾಸಿನ ಅರಣ್ಯಾಧಿಕಾರಿಯಾದ ಹ್ಯೂ ಕ್ಲೆಗಾರ್ನ್‌ಗೆ ರೈಲಿನ ಈ ಹಸಿವೇ ತಲೆನೋವಾಗಿತ್ತು. 1876–78ರ ಬರ ಬಳ್ಳಾರಿ ಸೀಮೆಯನ್ನು ಹಿಂಡಿ ಹಾಕಿತು. 1882ರ ಮದ್ರಾಸ್ ಅರಣ್ಯ ಕಾಯ್ದೆ ಬಂದು, ಕಾಯ್ದಿಟ್ಟ ಕಾಡಿನಲ್ಲಿ ಕೊಡಲಿ ಎತ್ತಿದವನು ಅಪರಾಧಿಯಾದ. ಕಾಡನ್ನು ರೈಲಿಗೆ ಸುರಿದ ಮೇಲೆ ಹಳ್ಳಿಯವನ ಹೊರೆಗೆ ಲೆಕ್ಕ ಕೇಳಿದ್ದು ವಿಚಿತ್ರ ನ್ಯಾಯವೇ ಸರಿ.

ಬರಗಾಲದ ನಡುವೆಯೇ, 1877ರಲ್ಲಿ, ನೆರೆಯ ಕಡಪ ಸೀಮೆಗೆ ಅಮೆರಿಕ ಖಂಡದ ಮುಳ್ಳುಮರವೊಂದು ಬಂದಿಳಿಯಿತು. ಉರುವಲಿಗೆಂದೂ ಬರಡು ನೆಲಕ್ಕೆಂದೂ ಹಬ್ಬಿಸಿದ ಅದನ್ನು ಕನ್ನಡಿಗರು ಬಳ್ಳಾರಿ ಜಾಲಿ ಎಂದು ಕರೆದರು. ಕಡಿದಷ್ಟೂ ಚಿಗುರುತ್ತದೆ, ಹಸಿಯಾಗಿಯೇ ಉರಿಯುತ್ತದೆ, ಆಡು ಕುರಿ ಕಾಯಿ ತಿಂದು ಬೀಜವನ್ನು ಊರೆಲ್ಲ ಹರಡುತ್ತವೆ. ಹೊಲದ ಬದು, ಕೆರೆಯಂಗಳ ಎಲ್ಲವೂ ಅದರದೇ. ಮುಳ್ಳಿಗೆ ಬೈಯದ ರೈತನಿಲ್ಲ, ಅದನ್ನು ಉರಿಸದ ಒಲೆಯೂ ಅಪರೂಪ.

ಕಟ್ಟಿಗೆ ಸೀಳುವ ಕಸುಬನ್ನು ಗ್ಯಾಸ್ ಸಿಲಿಂಡರ್ ಕೊಂದಿತು ಎನ್ನುವುದು ರೂಢಿ. ಇಲ್ಲಿಯ ಮಟ್ಟಿಗೆ ಆ ಆರೋಪವನ್ನು ಮೊದಲು ಹೊರಬೇಕಾದದ್ದು ಜಾಲಿ. ತೋಳು ಗಾತ್ರಕ್ಕೆ ಬರುತ್ತಲೇ ಕಡಿಯುವ ಸೊಟ್ಟ ಕೊಂಬೆಗೆ ಬೆಣೆ ಏಕೆ, ಸಮ್ಮಟಿಗೆ ಏಕೆ? ಮುಳ್ಳು ಸವರಿ, ತುಂಡು ಮಾಡಿ, ಹೊರೆ ಕಟ್ಟಿದರೆ ಮುಗಿಯಿತು. ದಪ್ಪ ದಿಮ್ಮಿ ಈಗ ಬೀಳುವುದು ರಸ್ತೆ ಅಗಲ ಮಾಡಲು ಹುಣಸೆ ಉರುಳಿಸಿದಾಗ. ಅದನ್ನೂ ಯಂತ್ರದ ಗರಗಸ ಅಡ್ಡಡ್ಡ ಕೊಯ್ಯುತ್ತದೆ. ಇಟ್ಟಿಗೆ ಗೂಡಿನವರಿಗೆ ಸೀಳಿದ ಕಟ್ಟಿಗೆಯೇ ಬೇಕೆಂದಿಲ್ಲ, ಬೊಡ್ಡೆಯನ್ನು ಇಡಿಯಾಗಿಯೇ ಒಳಗೆ ತಳ್ಳುತ್ತಾರೆ.