ಗಡಿನಾಡ ಕೇಳುಗರ ‘ನಿತ್ಯೋತ್ಸವ’

ಕನ್ನಡ ಸುಗಮ ಸಂಗೀತದ ಮೊದಲ ಧ್ವನಿಸುರುಳಿ ಎಂಬ ಹಿರಿಮೆ 1978ರ ‘ನಿತ್ಯೋತ್ಸವ’ದ್ದು. ಈ ಸಂಚಿಕೆಯಲ್ಲಿ ಅದನ್ನು ನೆನೆಯುವುದು ತಮಿಳುನಾಡಿನ ರಾಯಕೋಟೆ, ಹೊಸೂರು ಭಾಗದ ಕನ್ನಡಿಗರಾದ ನಮಗೆ ಋಣ ಸಲ್ಲಿಸುವ ಕೆಲಸ.

ಬಹು ಹಿಂದೆಯೇ ಪಿ. ಕಾಳಿಂಗರಾಯರು ಕನ್ನಡ ಕವಿತೆಯನ್ನು ಗ್ರಾಮಫೋನ್ ತಟ್ಟೆಗೂ ವೇದಿಕೆಗೂ ತಂದು ದಾರಿ ಹಾಕಿಕೊಟ್ಟಿದ್ದರು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನಾವು ಮದರಾಸು ರಾಜ್ಯದಲ್ಲೇ ಉಳಿದೆವು. ಆದರೆ ಬೆಂಗಳೂರು ಆಕಾಶವಾಣಿಯ ಅಲೆಗಳಿಗೆ ಚೆಕ್‌ಪೋಸ್ಟ್ ಇರಲಿಲ್ಲ. ಕೊರತೆ ಒಂದೇ: ರೇಡಿಯೊದಲ್ಲಿ ಬಂದ ಹಾಡು ಮತ್ತೆ ಬೇಕೆಂದರೆ ಸಿಗುತ್ತಿರಲಿಲ್ಲ.

ಆ ಕೊರತೆಯನ್ನು ನೀಗಿಸಿದವರು ಇಬ್ಬರು ಸಮವಯಸ್ಕರು. ದೇವನಹಳ್ಳಿಯಲ್ಲಿ ಹುಟ್ಟಿ, ಭೂವಿಜ್ಞಾನ ಬೋಧಿಸುತ್ತಿದ್ದ ಕೆ.ಎಸ್. ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’ ಸಂಕಲನ 1976ರಲ್ಲಿ ಪ್ರಕಟವಾಯಿತು. ಎರಡೇ ವರ್ಷಗಳಲ್ಲಿ ಮೈಸೂರು ಅನಂತಸ್ವಾಮಿಯವರು ಅವರ ಕವಿತೆಗಳಿಗೆ ರಾಗ ಹಾಕಿ ಕ್ಯಾಸೆಟ್ಟಿಗಿಳಿಸಿದರು. ಸಿನಿಮಾ ಹಾಡಿನ ಆರ್ಭಟದ ನಡುವೆ ಕವಿತೆಯ ಕ್ಯಾಸೆಟ್ಟನ್ನು ಜನ ಕೊಂಡು ಕೇಳುತ್ತಾರೆಂದು ನಂಬುವುದಕ್ಕೆ ಎದೆಗಾರಿಕೆ ಬೇಕಿತ್ತು. ಜೋಗ, ತುಂಗೆ, ಸಹ್ಯಾದ್ರಿಗಳನ್ನು ಸ್ಮರಿಸುವ ‘ನಿತ್ಯೋತ್ಸವ’ ಹಾಡಿನಲ್ಲಿ ನಮ್ಮ ರಾಯಕೋಟೆಯ ಹೆಸರಿಲ್ಲ. ಇರಬೇಕೆಂದು ನಾವು ಹಟ ಹಿಡಿದವರೂ ಅಲ್ಲ.

ಮುಂದೆ ಕ್ಯಾಸೆಟ್ಟುಗಳ ಸುಗ್ಗಿಯೇ ಬಂತು. ಕುವೆಂಪು, ಬೇಂದ್ರೆ, ಕೆ.ಎಸ್. ನರಸಿಂಹಸ್ವಾಮಿ, ಶಿಶುನಾಳ ಶರೀಫರು ಸಿ. ಅಶ್ವಥ್, ಶಿವಮೊಗ್ಗ ಸುಬ್ಬಣ್ಣ ಮುಂತಾದವರ ಕಂಠದಲ್ಲಿ ಮನೆಮನೆಗೆ ಬಂದರು. ಆಗ ರೆಕಾರ್ಡಿಂಗ್ ಅಂಗಡಿಗೆ ಖಾಲಿ ಕ್ಯಾಸೆಟ್ಟಿನ ಜತೆ ಒಂದು ಚೀಟಿ ಕೊಟ್ಟರಾಯಿತು. ಬರೆದುಕೊಟ್ಟ ಹಾಡುಗಳೆಲ್ಲ, ಯಾರು ಹಾಡಿದ್ದರೂ, ಅರವತ್ತು ನಿಮಿಷಗಳಲ್ಲಿ ಒಟ್ಟಾಗುತ್ತಿದ್ದವು. ‘ಎ’ ಸೈಡಿನ ಕೊನೆಯ ಹಾಡು ಚರಣದ ನಡುವೆಯೇ ತುಂಡಾಗುವುದು ಮಾಮೂಲು. ಟೇಪು ಸಿಕ್ಕಿಹಾಕಿಕೊಂಡರೆ ಪೆನ್ಸಿಲ್ ತೂರಿಸಿ ಸುತ್ತುವ ಕೆಲಸ ಮನೆಯ ಮಕ್ಕಳದ್ದು. ಹಕ್ಕುಸ್ವಾಮ್ಯದ ಮಾತು ಆಗ ಯಾರ ಬಾಯಲ್ಲೂ ಇರಲಿಲ್ಲವೆಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ.

2006ರ ಕಾಯ್ದೆಯಿಂದ ತಮಿಳುನಾಡಿನ ಶಾಲೆಗಳಲ್ಲಿ ಒಂದನೇ ತರಗತಿಯಿಂದ ತಮಿಳು ಕಲಿಕೆ ಕಡ್ಡಾಯವಾಯಿತು. ನೆಲದ ಭಾಷೆಯನ್ನು ಕಲಿಯುವುದಕ್ಕೆ ನಮ್ಮ ತಕರಾರಿಲ್ಲ. ಆದರೆ ಕನ್ನಡ ಓದಲು ಬಾರದ ಮಕ್ಕಳು ನಮ್ಮಲ್ಲಿ ಹೆಚ್ಚುತ್ತಿದ್ದಾರೆ. ಅಂಥ ಮಕ್ಕಳಿಗೂ ‘ನಿತ್ಯೋತ್ಸವ’ ಬಾಯಿಪಾಠ. ಪಠ್ಯಪುಸ್ತಕ ಮುಟ್ಟದ ಕಡೆಗೆ ಕ್ಯಾಸೆಟ್ಟು ಮುಟ್ಟಿತು.

ಅನಂತಸ್ವಾಮಿಯವರು 1995ರಲ್ಲಿ, ನಿಸಾರ್ ಅಹಮದ್ ಅವರು 2020ರಲ್ಲಿ ನಮ್ಮನ್ನಗಲಿದರು. ಅನಂತಸ್ವಾಮಿಯವರು ಕುವೆಂಪು ವಿರಚಿತ ನಾಡಗೀತೆಗೆ ಹಾಕಿದ್ದ ಧಾಟಿಯನ್ನೇ ಕರ್ನಾಟಕ ಸರ್ಕಾರ 2022ರಲ್ಲಿ ಅಧಿಕೃತಗೊಳಿಸಿತು. ಹಾಡುವ ಅವಧಿ 2 ನಿಮಿಷ 30 ಸೆಕೆಂಡು. ಆ ಆದೇಶ ನಮಗೆ ಅನ್ವಯಿಸುವುದಿಲ್ಲ. ಆದರೂ ನಮ್ಮ ನವೆಂಬರ್ ಸಮಾರಂಭಗಳಲ್ಲಿ ಮೊದಲು ತಮಿಳುನಾಡಿನ ನಾಡಗೀತೆ ‘ತಮಿಳ್ ತಾಯ್ ವಾಳ್ತು’, ಬಳಿಕ ಅನಂತಸ್ವಾಮಿಯವರ ಧಾಟಿಯ ಕನ್ನಡ ನಾಡಗೀತೆ, ಆಮೇಲೆ ಎಲ್ಲರೂ ದನಿಗೂಡಿಸುವ ‘ನಿತ್ಯೋತ್ಸವ’.