ಕುಮಟೆ-ಗೋಕರ್ಣಗಳ ನಡುವಣ ಕಡಲದಂಡೆಯ ಹಾದಿ

ಪಡುವಣ ಕರಾವಳಿಯ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಹಡಗುಗಳ ಚರಿತ್ರೆಯನ್ನೇ ಬರೆದಿರುವರು. ಅರಬರು ಯಾವ ರೇವಿಗೆ ಕುದುರೆಗಳನ್ನು ತಂದಿಳಿಸಿದರು, ಪೋರ್ಚುಗೀಸರು ಎಲ್ಲಿಂದ ಮೆಣಸನ್ನು ಕೊಂಡೊಯ್ದರು, ಯಾವ ಕೋಟೆ ಯಾವಾಗ ಯಾರ ಕೈಸೇರಿತು ಎಂಬಿವೇ ಮೊದಲಾದ ಸಂಗತಿಗಳು ನಮಗೆ ಸಾಕಷ್ಟು ತಿಳಿದಿವೆ. ಆದರೆ ಒಂದು ಬಂದರಿನ ಮನುಷ್ಯನು ನೆರೆಯ ಬಂದರಿಗೆ ಮಗಳ ಮದುವೆಯ ಮಾತಿಗಾಗಿಯೋ, ಸಾಲದ ಬಡ್ಡಿಗಾಗಿಯೋ, ಶಿವರಾತ್ರಿಯ ತೇರಿಗಾಗಿಯೋ ಹೋಗಬೇಕಾದಾಗ ಯಾವ ದಾರಿಯಿಂದ ಹೋಗುತ್ತಿದ್ದನೆಂಬುದನ್ನು ವಿಚಾರಿಸಿದವರು ವಿರಳ. ದೋಣಿಯಲ್ಲಿ ಹೋಗುತ್ತಿದ್ದನೆಂದು ಹೇಳಿ ನಾವು ಸುಮ್ಮನಾಗುವುದು ವಾಡಿಕೆ. ಈ ಉತ್ತರವು ಪೂರ್ತಿಯಾಗಿ ಸರಿಯಲ್ಲವೆಂದು ನನಗೆ ಬಹುಕಾಲದಿಂದ ತೋರುತ್ತಿದ್ದಿತು. ಆದುದರಿಂದ ಹಳೆಯ ಪ್ರವಾಸಿಗಳ ಬರಹಗಳನ್ನು ಮತ್ತೊಮ್ಮೆ ನೋಡಿ, ಬಳಿಕ ಕುಮಟೆಯಿಂದ ಗೋಕರ್ಣದವರೆಗೆ ಕಡಲದಂಡೆಯನ್ನೇ ಹಿಡಿದು ಎರಡು ದಿನ ನಡೆದು ಬಂದೆನು. ಪುಸ್ತಕದಲ್ಲಿ ಬಗೆಹರಿಯದಿದ್ದ ಒಂದೆರಡು ತೊಡಕುಗಳು ಮಳಲಿನ ಮೇಲೆ ಬಗೆಹರಿದವು. ಅವನ್ನು ವಿದ್ವಾಂಸರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲನೆಯ ಸಾಕ್ಷಿ ಇಬ್ನ್ ಬತೂತನದು. ಕ್ರಿ. ಶ. 1342ರ ಸುಮಾರಿಗೆ ಈ ತೀರವನ್ನು ಕಂಡ ಈ ಮೊರಾಕ್ಕೊ ದೇಶದ ಪ್ರವಾಸಿಯು ಹೊನ್ನಾವರದಲ್ಲಿ ಹೆಣ್ಣುಮಕ್ಕಳ 13 ಪಾಠಶಾಲೆಗಳನ್ನೂ ಗಂಡುಮಕ್ಕಳ 23 ಪಾಠಶಾಲೆಗಳನ್ನೂ ಕಂಡುದಾಗಿ ಬರೆದಿರುವುದು ಎಲ್ಲರಿಗೂ ವಿದಿತವೇ ಇದೆ. ಅವನು ಅದೇ ಪ್ರಕರಣದಲ್ಲಿ ಹಾದಿಯ ವಿಷಯವಾಗಿ ಹೇಳಿರುವುದನ್ನು ಮಾತ್ರ ನಾವು ಗಮನವಿಟ್ಟು ಓದಿಲ್ಲ. ಮೆಣಸಿನ ನಾಡಾದ ಮಲಬಾರವು ಸಂದಾಪುರದಿಂದ, ಎಂದರೆ ಗೋವೆಯಿಂದ, ಕೊಲ್ಲಮಿನವರೆಗೆ ಎರಡು ತಿಂಗಳ ಪಯಣದಷ್ಟು ಉದ್ದವಾಗಿದೆಯೆಂದೂ, ಅಷ್ಟು ದೂರವೂ ದಾರಿಯು ಮರಗಳ ನೆಳಲಿನಲ್ಲೇ ಸಾಗುವುದೆಂದೂ, ಪ್ರತಿ ಅರ್ಧ ಮೈಲಿಗೆ ಜಗಲಿಗಳುಳ್ಳ ಒಂದು ಮರದ ತಂಗುಮನೆ, ಅದರ ಬಳಿ ಒಂದು ಬಾವಿ, ಬಾವಿಗೊಬ್ಬ ಕಾವಲುಗಾರ ಇರುವನೆಂದೂ ಅವನು ಹೇಳುವನು. ಬಾವಿಯವನು ಹಿಂದುಗಳಿಗೆ ಪಾತ್ರೆಯಲ್ಲಿ ನೀರು ಕೊಡುವನು. ಮುಸಲ್ಮಾನರಿಗೆ ಬೊಗಸೆಗೆ ಹೊಯ್ಯುವನು. ಇಲ್ಲಿ ಸವಾರಿಯ ಪ್ರಾಣಿಗಳಿಲ್ಲ. ಕುದುರೆ ಇರುವುದು ಅರಸನಿಗೆ ಮಾತ್ರ. ಪಲ್ಲಕ್ಕಿಯಿಲ್ಲದವರೆಲ್ಲರೂ ನಡೆಯುವರು, ಸರಕನ್ನು ಆಳುಗಳು ಹೊರುವರು. ಇಷ್ಟೊಂದು ನಿರ್ಭಯವಾದ ದಾರಿಯನ್ನು ತಾನು ಬೇರೆಲ್ಲಿಯೂ ಕಂಡಿಲ್ಲವೆಂದೂ ಅವನು ಸೇರಿಸಿರುವನು.

ಈ ವರ್ಣನೆಯು ಕೇರಳಕ್ಕೆ ಮಾತ್ರ ಸಲ್ಲತಕ್ಕದ್ದೆಂಬುದು ಒಂದು ಪಕ್ಷ. ಅದಕ್ಕೆ ಆಧಾರವಿಲ್ಲದೆಯೂ ಇಲ್ಲ. ಏಕೆಂದರೆ ತಾನು ಹೊನ್ನಾವರದಿಂದ ಹೊರಟು ಮೂರು ದಿನಗಳಲ್ಲಿ ಮಲಬಾರವನ್ನು ಸೇರಿದೆನೆಂದು ಬತೂತನೇ ಹೇಳಿರುವನು. ಹಾಗಾದರೆ ಹೊನ್ನಾವರವು ಮಲಬಾರದ ಹೊರಗಾಯಿತು. ಆದರೆ ಎಲ್ಲೆಯನ್ನು ಹೇಳುವಾಗ ಅವನು ಗೋವೆಯಿಂದಲೇ ಎಣಿಸುವನು. ಮಲಬಾರದಲ್ಲಿ ತಾನು ಕಂಡ ಮೊದಲ ಊರುಗಳೆಂದು ಅವನು ಹೆಸರಿಸುವವುಗಳಾದರೋ ಅಬೂಸರೂರು, ಫಾಕನೂರು, ಮಂಜರೂರುಗಳು. ಇವು ನಮ್ಮ ಬಸರೂರು, ಬಾರಕೂರು, ಮಂಗಳೂರುಗಳೇ ಎಂದು ವಿದ್ವಾಂಸರು ನಿರ್ಣಯಿಸಿರುವರು. ಯಾವ ರೀತಿಯಿಂದ ನೋಡಿದರೂ ಅವನ ನೆಳಲ ಹಾದಿಯ ಬಹುಭಾಗ ತುಳು-ಕನ್ನಡ ನಾಡುಗಳಲ್ಲಿ ಬೀಳುತ್ತದೆ. ಅದನ್ನು ಇಡಿಯಾಗಿ ತೆಂಕಣಕ್ಕೆ ಬಿಟ್ಟುಕೊಡುವುದಕ್ಕೆ ಕಾರಣ ಕಾಣೆನು.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಕರಾವಳಿಯ ಹಳೆಯ ಹೆದ್ದಾರಿ ಮಳಲ ದಂಡೆಯೇ ಎಂದು ನಾನು ಮೊದಲು ನಂಬಿದ್ದೆನು. ಮಳಲಿನ ಮೇಲೆ ಮರದ ನೆಳಲೆಲ್ಲಿ? ಬತೂತನು ವರ್ಣಿಸುವ ದಾರಿ ತೋಟಗಳ ನಡುವೆ ನುಸುಳುತ್ತದೆ. ಒಬ್ಬೊಬ್ಬನಿಗೆ ಒಂದೊಂದು ತೋಟ, ತೋಟದ ನಡುವೆ ಮನೆ, ಸುತ್ತಲೂ ಮರದ ಬೇಲಿ; ಹಾದಿ ಬೇಲಿಯನ್ನು ಮುಟ್ಟಿದೊಡನೆ ಹತ್ತುವುದಕ್ಕೊಂದು, ಆಚೆಗೆ ಇಳಿಯುವುದಕ್ಕೊಂದು ಮರದ ಮೆಟ್ಟಿಲಸಾಲು. ಇಂಗ್ಲಿಷ್ ಭಾಷಾಂತರವನ್ನು ಓದಿದವರಿಗೆ ಇದೊಂದು ವಿಚಿತ್ರವಾದ ಏರ್ಪಾಡಾಗಿ ಕಾಣಬಹುದು. ಕರಾವಳಿಯವರಿಗೆ ಇದು ಮನೆಯ ಮುಂದಿನ ತಡಮೆ, ಅಷ್ಟೆ. ದನವನ್ನು ತಡೆದು ಜನವನ್ನು ಬಿಡುವುದರಿಂದ ಅದಕ್ಕೆ ಆ ಹೆಸರು ಬಂದಿರಬೇಕು. ಆರುನೂರ ಎಂಬತ್ತು ವರ್ಷಗಳ ಹಿಂದಿನ ಪರದೇಶಿಯು ನಮ್ಮ ತಡಮೆಯನ್ನು ದಾಟುವಾಗ ನಿಂತು ನೋಡಿ, ನೆನಪಿನಲ್ಲಿಟ್ಟುಕೊಂಡು, ಊರಿಗೆ ಹಿಂದಿರುಗಿ ಬರೆಯಿಸಿದನೆಂಬುದು ನನಗಂತೂ ಪಾಠಶಾಲೆಗಳ ಲೆಕ್ಕಕ್ಕಿಂತ ಹೆಚ್ಚು ಬೆಲೆಯುಳ್ಳ ಸಂಗತಿ.

ಹಾಗಾದರೆ ದಾರಿ ಇದ್ದುದು ಮಳಲಿನಲ್ಲಿಯೋ ತೋಟದಲ್ಲಿಯೋ? ಕುಮಟೆಯಿಂದ ವನ್ನಳ್ಳಿಯ ಕಡಲದಂಡೆಗೆ ಬಂದು ಬಡಗಲಾಗಿ ತಿರುಗಿದವನಿಗೆ ಇದರ ಉತ್ತರ ಮೊದಲ ದಿನವೇ ದೊರೆಯುತ್ತದೆ. ನಾನು ಹೊರಟಾಗ ಇಳಿತದ ಹೊತ್ತು. ನೀರು ಸರಿದ ಅಂಚಿನ ಮಳಲು ನಾದಿದ ಹಿಟ್ಟಿನಂತೆ ಬಿಗಿದುಕೊಂಡು, ಕಾಲಿಟ್ಟರೆ ಹೆಜ್ಜೆಯ ಗುರುತಷ್ಟೇ ಮೂಡುತ್ತಿದ್ದಿತು. ಅಲ್ಲಲ್ಲಿ ಕೆಂಪು ಮುರಕಲ್ಲಿನ ಗುಡ್ಡಗಳು ಕಡಲಿಗೆ ಮೂಗು ಚಾಚಿವೆ. ಅವುಗಳನ್ನು ಹತ್ತಿಳಿದು ಕಡ್ಲೆಯನ್ನು ಕಳೆದು ಬಾಡವನ್ನು ಮುಟ್ಟುವ ಹೊತ್ತಿಗೆ ಉಬ್ಬರವೇರಿತು. ಬಿಗಿಯಾದ ಪಟ್ಟಿ ಮುಳುಗಿ, ಮೇಲಿನ ಸಡಿಲ ಮಳಲು ಮಾತ್ರ ಉಳಿಯಿತು. ಅದರಲ್ಲಿ ಕಾಲು ಗೆಣ್ಣಿನವರೆಗೆ ಹೂತು, ಒಂದು ಮೈಲಿ ಮೂರು ಮೈಲಿಯಾಗುತ್ತದೆ. ಬಿಸಿಲೂ ಸೇರಿದರೆ ಹೇಳತಕ್ಕದ್ದಿಲ್ಲ. ಆಗ ನಾನು ಊರಿನವರು ಮಾಡುವುದನ್ನೇ ಮಾಡಿದೆನು. ದಂಡೆಯನ್ನು ಬಿಟ್ಟು ತೆಂಗಿನ ತೋಟಗಳ ಒಳಗಿನ ಕಾಲುದಾರಿಯನ್ನು ಹಿಡಿದೆನು. ಅಲ್ಲಿ ನೆಳಲಿದೆ, ಬಾವಿಯಿದೆ, ಕೇಳಿದರೆ ನೀರು ಕೊಡುವವರಿರುವರು. ಸಂಜೆ ನೀರಿಳಿದ ಮೇಲೆ ಮತ್ತೆ ದಂಡೆಗೆ ಇಳಿದೆನು.

ಕರಾವಳಿಯ ಹಾದಿಯು ಒಂದಲ್ಲ, ಎರಡೆಳೆಯದು ಎಂಬುದು ಇದರಿಂದ ನನಗೆ ಮನದಟ್ಟಾಯಿತು. ಇಳಿತದಲ್ಲಿ ಮಳಲು, ಉಬ್ಬರದಲ್ಲಿ ತೋಟ. ಹಗುರಾದ ಕಾಲಿಗೆ ಮಳಲು, ತಲೆಹೊರೆಗೆ ತೋಟ. ಇವೆರಡನ್ನೂ ಹೆಣೆದುಕೊಂಡು ನಡೆಯುವುದೇ ದಾರಿ. ನಕ್ಷೆಯಲ್ಲಿ ಗೆರೆಯೆಳೆದು ತೋರಿಸುವುದಕ್ಕೆ ಆಗದಿದ್ದುದರಿಂದಲೇ ಇದು ಚರಿತ್ರಕಾರರ ಕಣ್ಣಿಗೆ ಬೀಳದೆ ಹೋಯಿತೆಂದು ತೋರುತ್ತದೆ. ಅರಸನೊಬ್ಬನು ಕಟ್ಟಿಸಿದ್ದಲ್ಲವಾದುದರಿಂದ ಇದಕ್ಕೆ ಶಾಸನವೂ ಇಲ್ಲ.

ಉಬ್ಬರ-ಇಳಿತಗಳ ಮಾತು ಬಂದುದರಿಂದ ಒಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುವೆನು. ಹುಣ್ಣಿಮೆ-ಅಮಾವಾಸ್ಯೆಗಳ ಸಮೀಪದಲ್ಲಿ ಉಬ್ಬರವು ಅತಿಯಾಗಿ ಏರುವಂತೆ ಇಳಿತವೂ ಅತಿಯಾಗಿ ಇಳಿಯುತ್ತದೆ. ಆಗ ಬಿಗಿಯಾದ ಮಳಲಿನ ಪಟ್ಟಿ ಅತ್ಯಂತ ಅಗಲವಾಗುತ್ತದೆ. ಈ ತೀರದಲ್ಲಿ ಆ ದಿನಗಳ ಇಳಿತವು ಹೆಚ್ಚುಕಡಿಮೆ ನಸುಕಿನಲ್ಲೊಮ್ಮೆ, ಸಂಜೆಗೊಮ್ಮೆ ಬರುವುದು. ಶಿವರಾತ್ರಿಯಾದರೋ ಬಹುಳ ಚತುರ್ದಶಿ, ಅಮಾವಾಸ್ಯೆಯ ಹಿಂದಿನ ದಿನ. ಗೋಕರ್ಣದ ಮಹಾಬಲೇಶ್ವರನ ತೇರಿಗೆಂದು ದಂಡೆ ಹಿಡಿದು ಬರುವ ಯಾತ್ರಿಕನಿಗೆ ತಂಪು ಹೊತ್ತಿನಲ್ಲಿಯೇ ಹೀಗೆ ಹಾಸಿದಂತಹ ದಾರಿ ಸಿಕ್ಕುತ್ತಿದ್ದಿತು. ಹಬ್ಬದ ತಿಥಿಯನ್ನು ನಡೆಯುವವರ ಅನುಕೂಲಕ್ಕಾಗಿ ಗೊತ್ತುಮಾಡಿದರೆಂದು ನಾನು ಹೇಳುವುದಿಲ್ಲ; ಹಾಗೆ ಹೇಳುವುದು ಹುಚ್ಚುತನ. ತಿಥಿಯು ದೇಶಕ್ಕೆಲ್ಲ ಒಂದೇ. ಆದರೆ ಆ ತಿಥಿಯಲ್ಲಿ ಕಡಲದಂಡೆ ನಡೆಯಲು ಯೋಗ್ಯವಾಗಿರುವುದೆಂಬುದು ಯಾತ್ರಿಕರಿಗೆ ತಿಳಿಯದೆ ಇದ್ದಿರಲಾರದು.

ಕಾಗಾಲವನ್ನು ದಾಟಿದ ಮೇಲೆ ಅಘನಾಶಿನಿ ಊರು, ಅದರಾಚೆ ಅಘನಾಶಿನಿ ಹೊಳೆಯ ಅಳಿವೆ. ಸಿರಸಿಯ ಬಳಿ ಹುಟ್ಟಿ ಎಲ್ಲಿಯೂ ಅಣೆಕಟ್ಟಿಗೆ ಸಿಕ್ಕದೆ ಕಡಲು ಸೇರುವ ಈ ಹೊಳೆಯ ಒಳಭಾಗವೆಲ್ಲ ಉಪ್ಪುನೀರು ನುಗ್ಗುವ ಗಜನಿ ಭೂಮಿ. ಕಗ್ಗವೆಂಬ ಭತ್ತ ಅಲ್ಲಿಯದು. ಸಾಣಿಕಟ್ಟೆಯ ಉಪ್ಪಿನ ಆಗರಗಳೂ ಅತ್ತಲೇ. ಈ ಕೆಸರನ್ನೂ ಕಾಲುವೆಗಳನ್ನೂ ಸುತ್ತಿಕೊಂಡು ಹೋಗುವುದಕ್ಕಿಂತ ಅಳಿವೆಯನ್ನೇ ದಾಟಿಬಿಡುವುದು ಕಾಲ್ನಡೆಯವನಿಗೆ ಲೇಸು. ಈಗಲೂ ಇಲ್ಲಿಂದ ತದಡಿಗೆ ತಾರಿ ಉಂಟು. ಹೊಳೆ ದಾಟಿಸುವುದು ತಾರಿ, ಕಡಲಿಗಿಳಿಯುವುದು ದೋಣಿ ಎಂದು ಜೊತೆಯಲ್ಲಿ ಕುಳಿತಿದ್ದ ಒಬ್ಬ ಮುದುಕರು ನನ್ನ ಮಾತನ್ನು ತಿದ್ದಿದರು. ದೋಣಿ ಒಂದೇ ಬಗೆಯದಾಗಿದ್ದರೂ ಕೆಲಸ ಬೇರೆಯಾದರೆ ಹೆಸರೂ ಬೇರೆ. ಸಂಸ್ಕೃತದ 'ತರಿ'ಯೇ ಇದೆಂಬುದು ಸ್ಪಷ್ಟ. ತೆಂಕಣಕ್ಕೆ ಹೋದರೆ ಇದೇ ಏರ್ಪಾಡಿಗೆ 'ಕಡವು' ಎನ್ನುವರು. ಹಾದಿಗೆ ಶಾಸನವಿಲ್ಲದಿದ್ದರೂ ಮಾತಿದೆಯೆಂದು ನನಗೆ ಅಲ್ಲಿ ಸಮಾಧಾನವಾಯಿತು.

ಗೋಕರ್ಣಕ್ಕೆ ಸಂಬಂಧಿಸಿದ ಒಂದು ಹಳೆಯ ತೊಡಕೂ ತಾರಿಯಲ್ಲಿ ಕುಳಿತಿದ್ದಾಗ ಸಡಿಲವಾಯಿತು. ಮಹಾಭಾರತದ ವನಪರ್ವದ ತೀರ್ಥಯಾತ್ರಾ ಪ್ರಕರಣವು ಗೋಕರ್ಣವನ್ನು ಸಮುದ್ರದ ನಡುವೆ ಇರಿಸುತ್ತದೆ. ಕಾಳಿದಾಸನು ರಘುವಂಶದ ಎಂಟನೆಯ ಸರ್ಗದಲ್ಲಿ ಅದನ್ನು ತೆಂಕಣ ಕಡಲಿನ ದಡದಲ್ಲಿ ಇರಿಸುವನು. ಬ್ರಹ್ಮಾಂಡಪುರಾಣವಾದರೆ ಕ್ಷೇತ್ರವು ಕಡಲಲ್ಲಿ ಮುಳುಗಿತೆಂದೂ, ಪರಶುರಾಮನು ಅದನ್ನು ಮತ್ತೆ ಮೇಲೆತ್ತಿದನೆಂದೂ ಕಥೆ ಹೇಳುತ್ತದೆ. ಮೊದಲನೆಯ ಮಾತನ್ನು ಉತ್ಪ್ರೇಕ್ಷೆಯೆಂದು ತಳ್ಳಿಬಿಡುವವರು ಗೋಕರ್ಣಕ್ಕೆ ಬಂಡಿಯಲ್ಲಿ ಹೋದವರಾಗಿರಬೇಕು. ದಂಡೆ ಹಿಡಿದು ತೆಂಕಣಿಂದ ಬರುವವನು ಅಘನಾಶಿನಿಯನ್ನೂ, ಬಡಗಣಿಂದ ಬರುವವನು ಗಂಗಾವಳಿಯನ್ನೂ ದೋಣಿಯಿಂದ ದಾಟದೆ ಅಲ್ಲಿಗೆ ಮುಟ್ಟಲಾರನು; ಪಡುವಣಕ್ಕಂತೂ ಕಡಲೇ ಇದೆ. ಮೂಡಣವೊಂದನ್ನುಳಿದು ಎತ್ತಣಿಂದ ಬಂದರೂ ನೀರು ದಾಟಿಯೇ ಬರಬೇಕಾದ ಕ್ಷೇತ್ರವನ್ನು ಕಡಲ ನಡುವಣದೆಂದು ಯಾತ್ರಿಕರು ಹೇಳಿ, ಆ ಮಾತು ದೂರದ ಕವಿಯ ಕಿವಿಗೆ ಬಿದ್ದಿದ್ದರೆ ಆಶ್ಚರ್ಯವೇನು? ಇದು ನನ್ನ ಊಹೆ, ಪ್ರಮಾಣವೆಂದು ಹೇಳುವುದಿಲ್ಲ. ಕಾಳಿದಾಸನ ನಾರದನು ಆಕಾಶಮಾರ್ಗದಲ್ಲಿ ಹೋಗುತ್ತಿದ್ದುದರಿಂದ ಅವನ ಸಾಕ್ಷ್ಯವು ನಮ್ಮ ಉಪಯೋಗಕ್ಕೆ ಬಾರದು.

ಮಿಕ್ಕ ಇಬ್ಬರು ಪ್ರವಾಸಿಗಳ ವಿಷಯವನ್ನು ಬೇಗನೆ ಮುಗಿಸಬಹುದು. 1623ರಲ್ಲಿ ಬಂದ ಇಟಲಿಯ ಪಿಯತ್ರೊ ದೆಲ್ಲ ವಲ್ಲೆಯು ಗೋವೆಯಿಂದ ಹೊನ್ನಾವರಕ್ಕೆ ಜಲಮಾರ್ಗವಾಗಿ ಬಂದು, ಹೊಳೆಯಲ್ಲಿಯೇ ಗೇರುಸೊಪ್ಪೆಗೆ ಹೋಗಿ, ಘಟ್ಟ ಹತ್ತಿ ಇಕ್ಕೇರಿಯನ್ನು ಸೇರಿದನು. ನಮ್ಮ ದಂಡೆಯನ್ನು ಅವನು ತುಳಿಯಲಿಲ್ಲ. ಆದರೆ ಉಳ್ಳಾಲದ ರಾಣಿಯನ್ನು ಅವನು ಕಂಡುದು ಮಣೇಲಿನ ಅರಮನೆಯ ಸಿಂಹಾಸನದ ಮೇಲಲ್ಲ, ದಾರಿಯಲ್ಲಿ. ಹೊಲಗಳಿಗಾಗಿ ತಾನು ತೋಡಿಸುತ್ತಿದ್ದ ಕಾಲುವೆಯನ್ನು ನೋಡಲು ಆಕೆ ಓಲೆಗರಿಯ ಕೊಡೆಯ ನೆಳಲಿನಲ್ಲಿ ಬರಿಗಾಲಿನಲ್ಲಿ ನಡೆದುಹೋಗುತ್ತಿದ್ದಳು. ನಡಿಗೆ ಚುರುಕಾಗಿದ್ದಿತೆಂದೂ ಅವನು ಬರೆದಿರುವನು. ಪಲ್ಲಕ್ಕಿಯಿಲ್ಲದವರು ನಡೆಯುವರೆಂದ ಬತೂತನ ಮಾತಿಗೆ ಇದನ್ನು ಸೇರಿಸಿಕೊಳ್ಳಬೇಕು: ಪಲ್ಲಕ್ಕಿಯಿರಬಹುದಾದವರೂ ನಡೆಯುತ್ತಿದ್ದರು.

ಫ್ರಾನ್ಸಿಸ್ ಬುಕಾನನನಾದರೋ ಈ ದಾರಿಯನ್ನು ನೆಲದ ಮೇಲೆಯೇ ಅಳೆದವನು. ಶ್ರೀರಂಗಪಟ್ಟಣವು 1799ರಲ್ಲಿ ಬಿದ್ದ ಮೇಲೆ ಕನ್ನಡ ಜಿಲ್ಲೆಯು ಕಂಪೆನಿಯ ವಶವಾಯಿತು. ವೆಲೆಸ್ಲಿಯ ಆಜ್ಞೆಯಂತೆ ಮದರಾಸಿನಿಂದ ಹೊರಟ ಬುಕಾನನನು 1801ರ ಮೊದಲ ತಿಂಗಳುಗಳಲ್ಲಿ ಮಂಗಳೂರಿನಿಂದ ಉಡುಪಿ, ಕುಂದಾಪುರ, ಭಟ್ಕಳ, ಹೊನ್ನಾವರ, ಗೋಕರ್ಣ, ಅಂಕೋಲೆಗಳ ಮೇಲೆ ಬಡಗಣಕ್ಕೆ ಬಂದನು. 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಅವನ ಗ್ರಂಥವು ನಮಗೆ ಅಮೂಲ್ಯವಾದುದು. ಆದರೆ ಅವನ ಕಣ್ಣು ಯಾವಾಗಲೂ ಬಲಗಡೆಗೆ, ಗದ್ದೆಯ ಕಡೆಗೆ. ಮಣ್ಣಿನ ಬಗೆ, ತೆಂಗು-ಅಡಕೆಗಳ ಫಲ, ಗೇಣಿಯ ಮೊತ್ತ, ಇವು ಅವನಿಗೆ ಬೇಕಾದವು, ಮಳಲಿಗೆ ಕಂದಾಯವಿಲ್ಲ.

ಆ ಬಳಿಕ ಬಂಡಿಯ ರಸ್ತೆಗಳು ಹುಟ್ಟಿದವು. ಆದರೆ ಹತ್ತೊಂಬತ್ತನೆಯ ಶತಮಾನದ ದೊಡ್ಡ ರಸ್ತೆಗಳು ಮೂಡುಪಡುವಾಗಿ ಘಟ್ಟವಿಳಿದು ಬಂದರನ್ನು ಸೇರುವವು. ಧಾರವಾಡದ ಹತ್ತಿ ದೇವಿಮನೆ ಘಟ್ಟವನ್ನಿಳಿದು ಕುಮಟೆಯಲ್ಲಿ ಹಡಗೇರುತ್ತಿದ್ದಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತಃಕಲಹ ನಡೆದಾಗ ಈ ವ್ಯಾಪಾರ ಉಕ್ಕೇರಿತು. ಉತ್ತರ ಕನ್ನಡವನ್ನು 1862ರಲ್ಲಿ ಮುಂಬಯಿ ಆಧಿಪತ್ಯಕ್ಕೆ ಸೇರಿಸಿದುದೂ ಆ ಕಾಲದಲ್ಲಿಯೇ. ತೆಂಕುಬಡಗಾಗಿ ಊರಿನಿಂದೂರಿಗೆ ಹೋಗುವವರ ಪಾಲಿಗೆ ಮಳಲೂ ತಾರಿಯೂ ಆಮೇಲೆಯೂ ಉಳಿದವು. ಅಳಿವೆಗಳಿಗೆ ಸೇತುವೆ ಬಂದುದು ಇಪ್ಪತ್ತನೆಯ ಶತಮಾನದಲ್ಲಿ. ಕೊಂಕಣ ರೈಲು ಓಡಿದುದು 1998ರಲ್ಲಿ.

ತದಡಿಯಿಂದ ಗೋಕರ್ಣದವರೆಗಿನ ದಾರಿ ಕಠಿನ. ಗುಡ್ಡಗಳು ಒಂದರ ಬೆನ್ನಿಗೊಂದು ಕಡಲಿಗಿಳಿದಿವೆ; ಅವುಗಳ ಸಂದುಗಳಲ್ಲಿ ಸಣ್ಣ ಸಣ್ಣ ಮಳಲ ಬಾಗುಗಳು. ಮುರಕಲ್ಲು ಮಳೆನೀರನ್ನು ಹೀರಿಟ್ಟುಕೊಂಡು ಬುಡದಲ್ಲಿ ಜಿನುಗಿಸುವುದರಿಂದ ಕಡಲಿನ ಪಕ್ಕದಲ್ಲಿಯೇ ಸಿಹಿನೀರು ಸಿಕ್ಕುತ್ತದೆ. ಗೋಕರ್ಣದ ರಾಮತೀರ್ಥವು ಇಂಥದೇ. ಈ ಬಾಗುಗಳಿಗೆ ಪ್ರವಾಸೋದ್ಯಮವು ಓಂ, ಹಾಫ್ ಮೂನ್, ಪ್ಯಾರಡೈಸ್ ಎಂದು ಹೆಸರಿಟ್ಟಿದೆ. ಕುಡ್ಲೆಯೊಂದು ಹಳೆಯ ಹೆಸರನ್ನು ಉಳಿಸಿಕೊಂಡಿದೆ. ಪ್ಯಾರಡೈಸ್ ಎನಿಸಿಕೊಂಡಿರುವುದು ಬೇಲೆಕಾನದ ದಂಡೆ. ಕಡಲ ಮಳಲಿಗೆ ಈ ಭಾಗದಲ್ಲಿ 'ಬೇಲೆ' ಎನ್ನುವರು. ಅಂಕೋಲೆಯ ಕಡೆಯ ಬೇಲೇಕೇರಿಯಲ್ಲಿಯೂ ಇರುವುದು ಇದೇ ಮಾತು. ದಡವೆಂಬ ಅರ್ಥದ ಸಂಸ್ಕೃತ 'ವೇಲಾ' ಶಬ್ದದ ತದ್ಭವವೆಂದು ತೋರುತ್ತದೆ. ಕೋಶಗಳಲ್ಲಿ ಮಾತ್ರ ಕಾಣುವ ಶಬ್ದವೊಂದು ಇಲ್ಲಿ ಬೆಸ್ತರ ಬಾಯಲ್ಲಿ ಜೀವದಿಂದಿದೆ. ಊರಿನ ಹೆಸರೇ ಹೋದರೆ ಅದು ಎಷ್ಟು ದಿನ ಇದ್ದೀತು? ಬೇಲೆಕಾನದ ದಾರಿ ಯಾವುದೆಂದು ನಾನು ಕೇಳಿದಾಗ, ಅಲ್ಲಿ ಅಂಗಡಿಯಿಟ್ಟಿದ್ದ ಹುಡುಗನು ಅರೆಗಳಿಗೆ ಯೋಚಿಸಿ, ಪ್ಯಾರಡೈಸಿಗೆ ಹೋಗಬೇಕೇ ಎಂದು ಮರುಪ್ರಶ್ನೆ ಹಾಕಿದನು.

ಗಂಗಾವಳಿಯಿಂದಾಚೆಗೆ ಅಂಕೋಲೆಯವರೆಗಿನ ದಂಡೆಯನ್ನು ನಾನಿನ್ನೂ ನಡೆದಿಲ್ಲ. ಅಲ್ಲಿಯ ಗುಡ್ಡ, ಬಾಗು, ತಾರಿಗಳ ಹೆಸರುಗಳನ್ನು ಬಲ್ಲ ಹಿರಿಯರು ಯಾರಾದರೂ ಬರೆದು ಕಳುಹಿಸಿದರೆ, ಈ ಪತ್ರಿಕೆಯ ಮುಂದಿನ ಸಂಚಿಕೆಗಳಲ್ಲೊಂದರಲ್ಲಿ ಅವುಗಳನ್ನು ಸೇರಿಸುವೆನು.