ಮುತ್ತುಗದ ಬೀಜವೂ ಅಜ್ಜಿಯ ಚಿಟಿಕೆಯೂ

ಕಲಘಟಗಿ ಕಡೆ ಕೊಟ್ಟಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹೋದ ವಾರ ದೂರವಾಣಿ ಮಾಡಿದ್ದಳು. ಮೂರು ವರ್ಷದ ಮಗನಿಗೆ ಜಂತುಹುಳುವಿನ ಬಾಧೆ. ಅತ್ತೆಯವರು ಮುತ್ತುಗದ ಬೀಜದ ಪುಡಿಯನ್ನು ಸಿದ್ಧಮಾಡಿ ಇಟ್ಟಿದ್ದಾರೆ. "ಗಿಡದ ಔಷಧ ಅಲ್ರೀ ಸರ್, ಏನೂ ಆಗಂಗಿಲ್ಲಲ್ರೀ?" ಎಂದು ಕೇಳಿದಳು. ಕೊಡಬೇಡ ಎಂದು ಅಲ್ಲಿಯೇ ಹೇಳಿದೆ. ಏಕೆಂಬುದನ್ನು ಫೋನಿನಲ್ಲಿ ವಿವರಿಸಲಾಗಲಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನವಲಗುಂದ ಸೀಮೆಯ ನಮ್ಮ ಎರಿ ನೆಲದಲ್ಲಿ ಮುತ್ತುಗದ ಮರ ಅಪರೂಪ. ಕಲಘಟಗಿಯ ಕಾಡಂಚಿನಿಂದ ಬರುವ ಬಂಧುಗಳು ಊಟದ ಎಲೆಗಳ ಜೊತೆಗೆ ಆ ಚಪ್ಪಟೆಯಾದ ಕಂದು ಬೀಜಗಳನ್ನೂ ತಂದುಕೊಡುತ್ತಿದ್ದರು. ಅಜ್ಜಿ ಅವನ್ನು ನೆನೆಹಾಕಿ, ಸಿಪ್ಪೆ ತೆಗೆದು, ಅರೆದು, ಜೇನಿನಲ್ಲಿ ಕಲಸಿ ಕೊಡುವಳು. ಎಷ್ಟು ಕೊಡಬೇಕೆಂಬುದು ಅವಳ ಬೆರಳಿಗೆ ಮಾತ್ರ ಗೊತ್ತಿತ್ತು. ಬಹಳ ಸಲ ಅದೂ ಬೇಕಾಗುತ್ತಿರಲಿಲ್ಲ. ರಾತ್ರಿ ಬೆಲ್ಲದೊಡನೆ ಒಂದು ಚಿಟಿಕೆ ಅಜವಾನ, ಬೆಳಗಿನ ಜಾವ ಔಡಲೆಣ್ಣೆ. ಆ ಎಣ್ಣೆಯ ವಾಸನೆಗೆ ನಾವು ಹಿತ್ತಲಿಗೆ ಓಡಿ ಅಡಗುತ್ತಿದ್ದುದು ನನ್ನ ತಂಗಿಯರಿಗೆ ನೆನಪಿರಬಹುದು.

1968ರ ಮಳೆಗಾಲ. ಅಜ್ಜಿ ಊರಲ್ಲಿರಲಿಲ್ಲ. ನನ್ನ ತಮ್ಮನಿಗೆ ಮುತ್ತುಗದ ಪುಡಿ ಕೊಟ್ಟರೂ ಹುಳು ಬೀಳಲಿಲ್ಲವೆಂದು ಮನೆಯ ಹಿರಿಯರೊಬ್ಬರು ಮರುದಿನ ಇಮ್ಮಡಿ ಕೊಟ್ಟರು. "ಗಿಡದ ಕಾಳು, ಎರಡ ಹೆಚ್ಚಾದ್ರ ಏನಾಗತೈತಿ" ಎಂಬುದು ಅವರ ಮಾತು. ಎರಡು ದಿನ ವಾಂತಿ, ಭೇದಿ, ಹೊಟ್ಟೆ ಹಿಡಿದುಕೊಂಡು ಹೊರಳಾಟ. ಮೂರನೆಯ ದಿನ ಚಕ್ಕಡಿಯಲ್ಲಿ ದವಾಖಾನೆಗೆ ಒಯ್ದೆವು. ಉಳಿದುಕೊಂಡ. ಅಜ್ಜಿ ಬಂದವಳೇ ಬೀಜದ ಡಬ್ಬಿಯನ್ನು ತಿಪ್ಪೆಗೆ ಸುರಿದಳು, ಯಾರನ್ನೂ ಬಯ್ಯಲಿಲ್ಲ.

ಆ ಬೀಜದಲ್ಲಿ ಏನಿತ್ತೆಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಮುತ್ತುಗದ ಬೀಜವನ್ನು ನಿಂಬೆರಸದಲ್ಲಿ ಅರೆದು ಗಜಕರ್ಣಕ್ಕೆ ಹಚ್ಚುವುದುಂಟು. ಚರ್ಮ ಕೆಂಪಾಗಿ ಉರಿಯುತ್ತದೆ. ಬೀಜದಲ್ಲಿರುವ ಪಲಾಸೋನಿನ್ ಎಂಬ ವಸ್ತು, ಮೈಮೇಲೆ ಬೊಬ್ಬೆ ಏಳಿಸುವ ಕೀಟದ ವಿಷವಾದ ಕ್ಯಾಂಥರಿಡಿನ್‌ಗೆ ರಚನೆಯಲ್ಲಿ ತೀರ ಹತ್ತಿರದ ಸಂಬಂಧಿ. ಹುಳುವನ್ನು ಬಾಧಿಸುವುದೂ ಅದೇ. ಒಂದು ಮರದ ಬೀಜದಲ್ಲಿದ್ದಷ್ಟೇ ಇನ್ನೊಂದರದರಲ್ಲಿಯೂ ಇದ್ದೀತೆಂಬ ಭರವಸೆಯಿಲ್ಲ.

ಹಾಗೆಂದು ನಮ್ಮ ಹಿಂದಿನವರು ತಿಳಿಯದವರಾಗಿರಲಿಲ್ಲ. ಚರಕಸಂಹಿತೆ ವಿಮಾನಸ್ಥಾನದಲ್ಲಿ 20 ಬಗೆಯ ಕ್ರಿಮಿಗಳನ್ನು ಹೇಳಿ, ಚಿಕಿತ್ಸೆಯನ್ನು ಮೂರು ಮೆಟ್ಟಿಲಾಗಿ ಇಡುತ್ತದೆ: ಹುಳುಗಳನ್ನು ಹೊರಹಾಕುವುದು, ಅವು ಬೆಳೆಯುವ ಸ್ಥಿತಿಯನ್ನು ಕೆಡಿಸುವುದು, ಕಾರಣವನ್ನೇ ದೂರವಿಡುವುದು. ಮೂರನೆಯದನ್ನು ನಾವು ಮರೆತೆವು. ಕ್ರಿಮಿನಾಶಕಗಳಲ್ಲಿ ಅದು ಶ್ರೇಷ್ಠವೆಂದ ವಾಯುವಿಳಂಗದ ಹೆಸರಿನಲ್ಲಿ ಇಂದು ಅಂಗಡಿಗಳಲ್ಲಿ ಬೇರೆ ಗಿಡಗಳ ಅಂಥದೇ ಸಣ್ಣ ಕಾಯಿಗಳನ್ನು ಮಾರುವುದುಂಟು. ಹೆಸರು ಗ್ರಂಥದ್ದು, ಕಾಳು ಇನ್ನೆಲ್ಲಿಯದೋ!

ಇನ್ನು ಅಜವಾನದ ಕಥೆ. ಇದು ನನಗೆ ಹೆಚ್ಚು ಕುತೂಹಲದ್ದು. ಅದರ ಎಣ್ಣೆಯಿಂದ ಥೈಮಾಲ್ ಎಂಬ ಹರಳನ್ನು ತೆಗೆಯುತ್ತಾರೆ. 1914ರ ಯುದ್ಧಕ್ಕೆ ಮುಂಚೆ ನಮ್ಮ ಅಜವಾನ ಜರ್ಮನಿಗೆ ಹೋಗಿ, ಅಲ್ಲಿ ಥೈಮಾಲ್ ಆಗುತ್ತಿತ್ತು. ಕೊಕ್ಕೆಹುಳುವಿಗೆ ಆಗ ಅದೇ ವೈದ್ಯರ ಪ್ರಮುಖ ಮದ್ದು. ಬಳ್ಳಾರಿ, ದಕ್ಷಿಣ ಕನ್ನಡಗಳನ್ನೊಳಗೊಂಡ ಅಂದಿನ ಮದ್ರಾಸ್ ಪ್ರಾಂತ್ಯದಲ್ಲಿ ಕೊಕ್ಕೆಹುಳುವಿನ ವಿಚಾರಣೆ ನಡೆದಾಗ ಕೆ. ಎಸ್. ಮ್ಹಸ್ಕರ್ ಮತ್ತು ಜೆ. ಎಫ್. ಕೈಯಸ್ ಎಂಬವರು ಇಂಥ ಮದ್ದುಗಳ ರಾಸಾಯನಿಕ ರಚನೆಗೂ ಅವುಗಳ ಗುಣಕ್ಕೂ ಇರುವ ಸಂಬಂಧವನ್ನು ಪರೀಕ್ಷಿಸಿ ಲೇಖನಮಾಲೆಯನ್ನೇ ಪ್ರಕಟಿಸಿದರು.

ಈಗ ಒಂದು ಲೆಕ್ಕ ಮಾಡೋಣ; ಮೇಷ್ಟರ ಚಾಳಿ, ಕ್ಷಮಿಸಿ. ವಯಸ್ಕರಿಗೆ ಥೈಮಾಲನ್ನು ಸುಮಾರು 4 ಗ್ರಾಂವರೆಗೂ ಕೊಡುತ್ತಿದ್ದರು. ಅಜವಾನದಲ್ಲಿ ಎಣ್ಣೆ ನೂರಕ್ಕೆ 2ರಿಂದ 4 ಭಾಗ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಥೈಮಾಲ್. ಅಂದರೆ 4 ಗ್ರಾಂ ಹರಳಿಗೆ ಕಾಲು ಕಿಲೋದಷ್ಟು ಅಜವಾನ ಬೇಕು. ಅಜ್ಜಿಯ ಚಿಟಿಕೆ ಎಲ್ಲಿ, ಇದೆಲ್ಲಿ? ಆ ಚಿಟಿಕೆ ಹುಳುವಿಗೂ ಹೆಚ್ಚು ತೊಂದರೆ ಕೊಟ್ಟಿರಲಾರದು, ನಮಗೂ ಕೊಡಲಿಲ್ಲ. ಆದರೆ ಥೈಮಾಲಿನೊಡನೆ ಎಣ್ಣೆ ಅಥವಾ ಮದ್ಯ ಹೊಟ್ಟೆ ಸೇರಿದರೆ ಅದು ಕರಗಿ ರಕ್ತಕ್ಕೆ ಏರುತ್ತದೆ, ರೋಗಿಗಳು ಸತ್ತದ್ದುಂಟು. ಆದ್ದರಿಂದ ವೈದ್ಯರು ಔಡಲೆಣ್ಣೆಯನ್ನು ಕಟ್ಟುನಿಟ್ಟಾಗಿ ಬಿಡಿಸಿ, ಭೇದಿಗೆ ಉಪ್ಪಿನ ಜುಲಾಬು ಕೊಡುತ್ತಿದ್ದರು. ನಮ್ಮ ಮನೆಯ ಅದೇ ಜೋಡಿ, ಅಜವಾನ ಮತ್ತು ಔಡಲೆಣ್ಣೆ, ಸತ್ವದ ರೂಪಕ್ಕೆ ಬಂದೊಡನೆ ಪ್ರಾಣಾಂತಿಕ! ಥೈಮಾಲಿನ ತರುವಾಯ ಬಂದ ಚೆನೋಪೋಡಿಯಂ ಎಣ್ಣೆಯೂ ಸಸ್ಯದ್ದೇ. ಮದ್ದಿನ ಅಳತೆಗೂ ವಿಷದ ಅಳತೆಗೂ ಅದರಲ್ಲಿ ಬಹಳ ಅಂತರವಿರಲಿಲ್ಲ. ಮಕ್ಕಳಿಗೆ ಕೊಡುತ್ತಿದ್ದ ಸ್ಯಾಂಟೋನಿನ್ ಕೂಡ ಗಿಡದಿಂದಲೇ ಬಂದದ್ದು. ಅದನ್ನು ನುಂಗಿದವರಿಗೆ ಲೋಕವೆಲ್ಲ ಹಳದಿಯಾಗಿ ಕಾಣುತ್ತಿತ್ತು. ಪ್ರಮಾಣ ಮೀರಿದರೆ ಸೆಳವು.

ಇವೆಲ್ಲ ಬದಿಗೆ ಸರಿದದ್ದು ಅಳತೆ ಖಚಿತವಾದ, ಕರುಳಿನಿಂದ ರಕ್ತಕ್ಕೆ ಅಷ್ಟಾಗಿ ಹೀರಲ್ಪಡದ ಮಾತ್ರೆಗಳು ಬಂದಾಗ. 2015ರ ಫೆಬ್ರುವರಿ 10ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಅಂಗನವಾಡಿ, ಶಾಲೆಗಳಲ್ಲಿ ಅಲ್ಬೆಂಡಜೋಲ್ ಕೊಡುತ್ತಿದ್ದಾರೆ: 1ರಿಂದ 2 ವರ್ಷದವರಿಗೆ 200 ಮಿಲಿಗ್ರಾಂ, ಅದಕ್ಕೆ ಮೇಲ್ಪಟ್ಟು 19ರವರೆಗೆ 400 ಮಿಲಿಗ್ರಾಂ. ಚಿಕ್ಕ ಮಕ್ಕಳಿಗೆ ಗಂಟಲಲ್ಲಿ ಸಿಕ್ಕಿಕೊಳ್ಳದಂತೆ ಪುಡಿಮಾಡಿ ನೀರಿನಲ್ಲಿ ಕೊಡಬೇಕು. ಜ್ವರ, ಬೇನೆ ಇರುವ ಮಗುವಿಗೆ ಆ ದಿನ ಕೊಡಬಾರದು.

ಮೊಮ್ಮಗನನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದವರು ಅತ್ತೆಯವರೇ ಎಂದು ಮೊನ್ನೆ ನನ್ನ ವಿದ್ಯಾರ್ಥಿನಿ ತಿಳಿಸಿದಳು. ನನ್ನ ತಮ್ಮನ ಕಥೆ ಕೇಳಿ ಒಂದೆರಡು ಗಳಿಗೆ ಸುಮ್ಮನಿದ್ದು, ತಮ್ಮ ತವರಿನಲ್ಲಿಯೂ ಅಂಥದೊಂದು ಮಗುವಿತ್ತು, ಅದು ಉಳಿಯಲಿಲ್ಲ ಎಂದರಂತೆ.